ಹಿಂದಿನ ಕೋಣೆಯ ಕಾಡುಮೊಲ

ನಮ್ಮ ಕಡೆಯಿಂದ ಗಲ್ಫಿನ ಮಾಂಸದ ಅಂಗಡಿಗಳಿಗೆ ಹೊರಟ ಹುಡುಗರು ಒಮ್ಮೊಮ್ಮೆ ನನ್ನನ್ನು ನೋಡಲು ಬರುತ್ತಾರೆ. ಸಂಬಳ, ರೂಮು, ರಜೆ ಇಷ್ಟೇ ಕೇಳುತ್ತಾರೆ. ಅದನ್ನೆಲ್ಲ ಏಜೆಂಟನೇ ಹೇಳಿರುತ್ತಾನೆ, ಅರ್ಧ ಸುಳ್ಳಾದರೂ. ಅವನು ಹೇಳದೆ ಬಿಟ್ಟದ್ದನ್ನು ಬರೆದಿಡೋಣವೆಂದು ಕುಳಿತಿದ್ದೇನೆ. ಈ ಕೆಲಸದಲ್ಲಿ ಕತ್ತಿ ತಾಗಿ ಆಗುವ ಗಾಯ ವಾರದಲ್ಲಿ ಮಾಯುತ್ತದೆ. ನಾನು ಕಟ್ಟಿಕೊಟ್ಟ ಮಾಂಸ ಯಾರ ಮನೆಗೆ ಹೋಯಿತು, ಅಲ್ಲಿ ಏನಾಯಿತು ಎಂಬ ಹೆದರಿಕೆ ಹಾಗಲ್ಲ. ಅದು ಊಟಕ್ಕೆ ಕೂತಾಗಲೂ ಜೊತೆಗೆ ಬಂದು ಕೂರುತ್ತದೆ.

ನಾನು ಫೆಲಿಕ್ಸ್, ಬಂಟ್ವಾಳದ ಕಡೆಯವನು. ಮಂಗಳೂರಿನ ಮಾರ್ಕೆಟಿನಲ್ಲಿ ಹಂದಿ ಮಾಂಸದ ಅಂಗಡಿಯೊಂದರಲ್ಲಿ ಕೈ ಪಳಗಿಸಿಕೊಂಡು, ಎರಡು ಸಾವಿರದ ಇಸವಿಯ ಆಚೀಚೆ ಬಹರೈನಿಗೆ ಹೋದೆ. ಮನಾಮಾದಲ್ಲಿ ಒಂದು ಮಧ್ಯಮ ಗಾತ್ರದ ಸೂಪರ್ ಮಾರ್ಕೆಟ್. ಎದುರುಗಡೆ ಎಲ್ಲರಿಗೂ ಮಾರುವ ಹಲಾಲ್ ಮಾಂಸದ ಕೌಂಟರು. ಹಿಂದೆ ಬಾಗಿಲು ಹಾಕಿದ ಒಂದು ಕೋಣೆ. ಮುಸ್ಲಿಮರಿಗಲ್ಲ ಎಂದು ಅರಬಿಯಲ್ಲೂ ಇಂಗ್ಲಿಷಿನಲ್ಲೂ ಬರೆದ ಬೋರ್ಡು ಆ ಬಾಗಿಲಿಗೆ. ಒಳಗೆ ಹಂದಿ ಮಾಂಸ, ಮತ್ತೆ ಹಲಾಲ್ ಸರ್ಟಿಫಿಕೇಟು ಇಲ್ಲದ ಬೇರೆ ಮಾಂಸಗಳು. ಅದು ನನ್ನ ಕೋಣೆ.

ಎದುರಿನ ಕೌಂಟರಿನಲ್ಲಿದ್ದವರು ಉಪ್ಪಿನಂಗಡಿಯ ಹಸನಬ್ಬ. ನನಗಿಂತ ಹಿರಿಯರು, ಮಾತು ಕಡಿಮೆ. ನಮ್ಮ ಕಡೆ ಕ್ರೈಸ್ತರನ್ನು ಕರೆಯುವಂತೆ ಅವರು ನನ್ನನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದರು, ಮುಸ್ಲಿಮರನ್ನು ಕರೆಯುವಂತೆ ನಾನು ಅವರನ್ನು ಬ್ಯಾರಿಗಳೇ ಎನ್ನುತ್ತಿದ್ದೆ. ಒಂದೇ ಅಂಗಡಿಯಲ್ಲಿ ಅಷ್ಟು ವರ್ಷ ಕೆಲಸ ಮಾಡಿದರೂ ಅವರ ಕತ್ತಿಯನ್ನು ನಾನು, ನನ್ನ ಕತ್ತಿಯನ್ನು ಅವರು ಒಂದು ಸಲವೂ ಮುಟ್ಟಲಿಲ್ಲ. ಅದು ಜಗಳವಲ್ಲ, ಕೆಲಸದ ಕ್ರಮ. ಹಲಗೆ ಬೇರೆ, ಬಟ್ಟೆ ಬೇರೆ, ಕೈ ತೊಳೆಯುವ ನಲ್ಲಿಯೂ ಬೇರೆ.

ಕೆಲಸಕ್ಕೆ ಸೇರಿದ ಮೊದಲ ದಿನ ಮ್ಯಾನೇಜರ್ ಶೇಖರ್ ಸರ್ ನನ್ನ ಫ್ರೀಜರ್ ತೆರೆದು ತೋರಿಸಿದರು. ಬೆಂಗಳೂರಿನವರು, ಲೆಕ್ಕಪತ್ರ ನೋಡಿಕೊಳ್ಳಲು ಬಂದು ಮ್ಯಾನೇಜರ್ ಆದವರು. ಚರ್ಮ ಸುಲಿದ, ಕಲ್ಲಿನಂತೆ ಹೆಪ್ಪುಗಟ್ಟಿದ ಸಣ್ಣ ದೇಹಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸಿದ್ದರು.

"ಇದು ವೈಲ್ಡ್ ರ‍್ಯಾಬಿಟ್, ಫೆಲಿಕ್ಸ್. ಬ್ರಿಟಿಷ್ ಕಸ್ಟಮರ್ಸ್ ಕೇಳ್ಕೊಂಡು ಬರ್ತಾರೆ."

"ಕಾಡುಮೊಲವಾ ಸರ್? ಇದು ಮಾರ್ಲಿಕ್ಕೆ ಉಂಟಾ? ಊರಲ್ಲಿ ಹಿಡಿದ್ರೆ ಫಾರೆಸ್ಟಿನವರು ಎಳ್ಕೊಂಡು ಹೋಗ್ತಾರೆ."

"ಅಲ್ಲಿನ ಕಾನೂನು ಅಲ್ಲಿಗೆ. ಇದು ಬರೋ ದೇಶದಲ್ಲಿ ಮೊಲ ಅಂದ್ರೆ ಬೆಳೆ ಹಾಳು ಮಾಡೋ ಪ್ರಾಣಿ. ಗುಂಡು ಹೊಡೆದು, ಕ್ಲೀನ್ ಮಾಡಿ ಕಳಿಸ್ತಾರೆ. ಪೇಪರ್ಸ್ ಎಲ್ಲಾ ಕ್ಲಿಯರ್ ಇದೆ, ಟೆನ್ಶನ್ ಬೇಡ."

ಟೆನ್ಶನ್ ಬೇಡ ಎಂದವರು ತಮ್ಮ ಕ್ಯಾಬಿನ್ನಿಗೆ ಹೋದರು. ಟೆನ್ಶನ್ ನನ್ನ ಹತ್ತಿರ ಉಳಿಯಿತು. ಎಷ್ಟೋ ತಿಂಗಳು ಯೂನಿಫಾರ್ಮ್ ಹಾಕಿದವರು ಯಾರೇ ಅಂಗಡಿಗೆ ಬಂದರೂ, ಟ್ರಾಫಿಕ್ ಪೊಲೀಸ್ ಜ್ಯೂಸ್ ಕೊಳ್ಳಲು ಬಂದರೂ, ನಾನು ಫ್ರೀಜರಿನ ಬಾಗಿಲು ಮುಚ್ಚಿಬಿಡುತ್ತಿದ್ದೆ. ಕಾಡುಮೊಲ ಮಾರುತ್ತೇನೆಂದು ಅಮ್ಮನಿಗೆ ಫೋನಿನಲ್ಲಿ ಹೇಳಲೇ ಇಲ್ಲ. ಕೋಳಿ ಎಂದೆ.

ಮೊದಲ ಗಲಾಟೆ ಆದದ್ದು ತಲೆಯಿಂದ. ನಮಗೆ ಬರುತ್ತಿದ್ದ ಮೊಲಗಳಿಗೆ ತಲೆ ಇರುತ್ತಿರಲಿಲ್ಲ. ಜುಫೈರಿನಲ್ಲಿದ್ದ ಒಬ್ಬ ಇಂಗ್ಲಿಷ್ ಅಜ್ಜಿ ಒಂದು ಮೊಲವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಇದು ಬೆಕ್ಕಲ್ಲ ಎಂದು ನನಗೆ ಹೇಗೆ ಗೊತ್ತಾಗಬೇಕು?" ಎಂದು ಕೇಳಿದಳು. ತಮಾಷೆಗೆ ಕೇಳಿದ್ದು. ಆದರೆ ಧ್ವನಿ ದೊಡ್ಡದಿತ್ತು. ಅಂಗಡಿಯ ಹಿಂದಿನ ಕಸದ ಡಬ್ಬದ ಹತ್ತಿರ ಸದಾ ಬೆಕ್ಕುಗಳ ಹಿಂಡು ಬೇರೆ. ಮಾರನೆಯ ದಿನ ಸಾಮಾನು ಇಳಿಸುವವರು ನನ್ನನ್ನು ಕಂಡು ಮಿಯಾಂವ್ ಎಂದರು. ವಾರದೊಳಗೆ ಎದುರು ಬೀದಿಯ ದರ್ಜಿಯೂ ವಿಚಾರಿಸಿದ. ನಗುತ್ತಾ ವಿಚಾರಿಸಿದರೂ ಆ ಮಾತು ಎಷ್ಟು ದೂರ ಹೋಗಬಹುದೆಂದು ನನಗೆ ಗೊತ್ತಿತ್ತು. ಚರ್ಮ ಸುಲಿದ ಮೇಲೆ ಮೊಲಕ್ಕೂ ಬೆಕ್ಕಿಗೂ ಗಾತ್ರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಎಲುಬು ನೋಡಿ ನಾವು ಹೇಳಬಹುದು, ಗಿರಾಕಿಗೆ ಎಲುಬಿನ ಪಾಠ ಮಾಡುವುದಕ್ಕಾಗುತ್ತದೆಯೇ? ತಲೆ ಸಮೇತ ಕಳಿಸಲು ಸರಬರಾಜಿನವರಿಗೆ ಹೇಳಿ ಎಂದು ಶೇಖರ್ ಸರ್ ಬೆನ್ನು ಬಿದ್ದೆ. ತಲೆ ಬಂತು. ಬೆಕ್ಕಿನ ಮಾತು ನಿಂತಿತು. ಆದರೆ ಆ ಕಣ್ಣು, ಹಲ್ಲು ನೋಡಿ ಹೆದರಿ ಕೊಳ್ಳದೆ ಹೋದವರೂ ಇದ್ದರು. ಕೊನೆಗೆ ನಾನು ಕಂಡುಕೊಂಡ ದಾರಿ ಇಷ್ಟೆ: ಗಿರಾಕಿಯ ಎದುರು ಇಡೀ ಮೊಲ ತೋರಿಸುವುದು, ಅವರು ಸರಿ ಎಂದ ಮೇಲೆ ತಲೆ ತೆಗೆದು ಕತ್ತರಿಸುವುದು.

ಆಮೇಲೆ ಚರೆಯ ಕಾಟ. ಗುಂಡು ಎಂದರೆ ಒಂದು ಗುಂಡಲ್ಲ, ಸಾಸಿವೆಗಿಂತ ತುಸು ದೊಡ್ಡ ಸೀಸದ ಹರಳುಗಳು, ಒಂದು ಹೊಡೆತಕ್ಕೆ ಹಿಡಿಯಷ್ಟು. ಅದ್ಲಿಯಾದ ಒಂದು ರೆಸ್ಟೋರೆಂಟಿನ ಇಟಲಿಯ ಅಡುಗೆಯವನು ನಮ್ಮಲ್ಲಿಂದ ಮೊಲ ಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಬಂದು ನನ್ನ ಹಲಗೆಯ ಮೇಲೆ ಒಂದು ಸಾಸರ್ ಇಟ್ಟ. ಅದರಲ್ಲಿ ಒಂದು ಚರೆ, ಪಕ್ಕದಲ್ಲಿ ಹಲ್ಲಿನ ಚೂರು. "ನಿನ್ನ ಮೊಲ, ನನ್ನ ಗಿರಾಕಿಯ ಹಲ್ಲು," ಎಂದ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವನು ಅಷ್ಟೇ ಹೇಳಿ ನನ್ನ ಮುಖ ನೋಡುತ್ತ ನಿಂತ. ಅಂದಿನಿಂದ ಪ್ರತಿ ತೊಡೆಯನ್ನೂ ಬೆರಳ ತುದಿಯಿಂದ ಒತ್ತಿ ನೋಡುವುದು ಅಭ್ಯಾಸವಾಯಿತು. ಮಾಂಸದಲ್ಲಿ ಕಪ್ಪಗೆ ರಕ್ತ ಕಟ್ಟಿದ ಜಾಗವಿದ್ದು, ಅದರೊಳಗೆ ಒಂದೆರಡು ಕೂದಲು ಕಂಡರೆ ಅಲ್ಲಿ ಚರೆ ಇದೆ ಎಂದೇ ಅರ್ಥ, ಒಳಗೆ ಹೋಗುವಾಗ ಅದೇ ಕೂದಲನ್ನು ಎಳೆದುಕೊಂಡು ಹೋಗಿರುತ್ತದೆ. ಹೀಗೆ ಹುಡುಕಿ ತೆಗೆದರೂ ರಾತ್ರಿ ಮಲಗಿದಾಗ ಬೆರಳು ಹಾಸಿಗೆಯ ಮೇಲೇ ಒತ್ತಿ ನೋಡುತ್ತಿತ್ತು.

ಆ ವರ್ಷಗಳಲ್ಲಿ ಕೆಲಸದ ರೀತಿ ಬಹಳ ಬದಲಾಯಿತು. ಮರದ ಕೊರಡು ಹೋಗಿ ಬಿಳಿ ಪ್ಲಾಸ್ಟಿಕ್ ಹಲಗೆ ಬಂತು. ಕಾಗದದಲ್ಲಿ ಸುತ್ತುವುದು ಹೋಗಿ ಗಾಳಿ ತೆಗೆದು ಪ್ಯಾಕ್ ಮಾಡುವ ಮಿಷನ್ ಬಂತು. ತಕ್ಕಡಿಯೇ ಬಾರ್‌ಕೋಡ್ ಉಗುಳತೊಡಗಿತು. ಎಲ್ಲ ಒಳ್ಳೆಯದೇ. ಆದರೆ ಪ್ಯಾಕೆಟಿನ ಮೇಲೆ ಚೆಂದದ ಚೀಟಿ ಬಂದ ಮೇಲೆ ಜನ ಮಾಂಸವನ್ನು ನೋಡುವುದು ಬಿಟ್ಟು ಚೀಟಿಯನ್ನಷ್ಟೇ ನೋಡತೊಡಗಿದರು. ಈಗ ಹೇಳುವ ಸಂಗತಿ ನಡೆದದ್ದು ಅಂಥ ಕಾಲದಲ್ಲಿ.

ಅಷ್ಟರಲ್ಲಿ ಎದುರಿನ ಕೌಂಟರಿಗೂ ಮೊಲ ಬಂದಿತ್ತು. ಅದು ಸಾಕಿದ ಮೊಲ, ಕ್ರಮಪ್ರಕಾರ ಕೊಯ್ದದ್ದು, ಹಲಾಲ್ ಮುದ್ರೆ ಇದ್ದದ್ದು. ಈಜಿಪ್ಟಿನವರಿಗೆ ಮೊಲವೆಂದರೆ ಪ್ರಾಣ. ಮುಲೂಖಿಯ್ಯ ಎಂಬ ಲೋಳೆಸೊಪ್ಪಿನ ಸಾರಿನ ಜೊತೆ ಮೊಲವಿದ್ದರೆ ಅವರಿಗೆ ಹಬ್ಬ. ಇನ್ನು ಬಹರೈನಿನವರಲ್ಲೇ ಮೊಲ ತಿನ್ನುವ ಮುಸ್ಲಿಮರೂ ಇದ್ದರು, ತಮ್ಮ ಪಂಗಡದ ಕಟ್ಟಳೆಯಂತೆ ಮೊಲ ಮುಟ್ಟದವರೂ ಇದ್ದರು. ಆದ್ದರಿಂದ ಹಸನಬ್ಬ ಆ ಹಲಾಲ್ ಮೊಲಕ್ಕೂ ಬೇರೆ ಟ್ರೇ, ಬೇರೆ ಕತ್ತಿ ಇಟ್ಟಿದ್ದರು. ಹೀಗೆ ಒಂದೇ ಅಂಗಡಿಯಲ್ಲಿ ಎರಡು ಜಾತಿಯ ಮೊಲ. ಎದುರಿನದ್ದು ದೊಡ್ಡದು, ಕೋಳಿಯಂತೆ ಬಿಳಿಚಿದ ಮಾಂಸ. ಹಿಂದಿನದ್ದು ಸಣ್ಣದು, ಕೆಂಪು. ನಡುವೆ ಒಂದು ಬಾಗಿಲು. ಆ ಬಾಗಿಲನ್ನು ನೆನೆದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಒಂದು ಆಗಸ್ಟ್ ತಿಂಗಳ ಗುರುವಾರ ನನ್ನ ಫ್ರೀಜರಿನ ಕಂಪ್ರೆಸರ್ ಕೈಕೊಟ್ಟಿತು. ಹೊರಗೆ ಉರಿ ಬಿಸಿಲು. ಟುಬ್ಲಿಯಿಂದ ಮೆಕ್ಯಾನಿಕ್ ಹೊರಟಿದ್ದಾನೆ ಎಂದರು, ಬರಲಿಲ್ಲ. ಹಂದಿ ಮಾಂಸವನ್ನು ಐಸ್ ತುಂಬಿದ ಡಬ್ಬಗಳಲ್ಲಿಟ್ಟು ಕೋಣೆಯಲ್ಲೇ ಉಳಿಸಿದೆ. ಕಾಡುಮೊಲದ ಪೆಟ್ಟಿಗೆಗಳಿಗೆ ಜಾಗವಿರಲಿಲ್ಲ.

"ಎದುರುಗಡೆ ಫ್ರೀಜರಲ್ಲಿ ಇಡಿ," ಎಂದರು ಶೇಖರ್ ಸರ್.

"ಬೇಡ ಸರ್. ಅಲ್ಲಿ ಹಸನಬ್ಬರದ್ದು ಮೊಲ ಉಂಟು. ಹೆಚ್ಚುಕಮ್ಮಿ ಆದ್ರೆ ಎಂತ ಮಾಡುದು?"

"ಹಂದಿ ಆಗಿದ್ರೆ ನಾನೇ ಬೇಡ ಅಂತಿದ್ದೆ. ಇದು ಮೊಲ ತಾನೇ? ಅವರೂ ಮೊಲಾನೇ ಮಾರ್ತಿರೋದು. ಒಂದು ಮಧ್ಯಾಹ್ನದ ಮಟ್ಟಿಗೆ ಫೆಲಿಕ್ಸ್, ಎಲ್ಲಾ ಕರಗಿ ಹೋದ್ರೆ ಯಾರು ಉತ್ತರ ಕೊಡೋದು?"

ಹಸನಬ್ಬ ಒಪ್ಪಲಿಲ್ಲ, ಆದರೆ ಅವರ ಮಾತೂ ನಡೆಯಲಿಲ್ಲ. ನಾವಿಬ್ಬರೂ ಸೇರಿ ಪೆಟ್ಟಿಗೆಗಳಿಗೆ ಸುತ್ತ ಕೆಂಪು ಟೇಪು ಸುತ್ತಿದೆವು, ಮೇಲೆ ದಪ್ಪಕ್ಷರದಲ್ಲಿ ಬರೆದೆವು, ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿಟ್ಟೆವು. ನಾನು ಪಿಕಪ್ ತೆಗೆದುಕೊಂಡು ಅದ್ಲಿಯಾಕ್ಕೆ ಮಾಲು ಕೊಡಲು ಹೋದೆ. ಹಸನಬ್ಬ ಸಂಜೆಮುಂಚಿನ ಅಸರ್ ನಮಾಜಿಗೆ, ಅಲ್ಲಿಂದ ಊರಿಗೆ ಹಣ ಕಳಿಸಲು ಹೋದರು.

ಟ್ರಾಫಿಕ್ಕಿನಲ್ಲಿ ಸಿಕ್ಕಿ ಎರಡು ಗಂಟೆ ಬಿಟ್ಟು ತಿರುಗಿ ಬಂದಾಗ ಎದುರಿನ ಫ್ರೀಜರಿನ ಬಾಗಿಲ ಬಳಿ ನೆಲದ ಮೇಲೆ ಕೆಂಪು ಟೇಪು ಬಿದ್ದಿತ್ತು.

ಕೌಂಟರಿನ ಹಿಂದೆ ಶೇಖರ್ ಸರ್ ಇದ್ದರು, ಏಪ್ರನ್ ಕಟ್ಟಿಕೊಂಡು, ಸಂತೋಷದಿಂದ. "ಫುಲ್ ರಶ್ ಇತ್ತು ಫೆಲಿಕ್ಸ್. ಆ ಈಜಿಪ್ಟ್ ಮೇಷ್ಟ್ರು ಬಂದಿದ್ರು, ಮೊಲದ ಟ್ರೇ ಖಾಲಿ. ಮನೇಲಿ ಗೆಸ್ಟ್ ಇದ್ದಾರೆ, ಅರ್ಜೆಂಟ್ ಅಂದ್ರು. ನಾನೇ ಒಳಗೆ ಹೋಗಿ ತೆಗೆದು, ಲೇಬಲ್ ಹಾಕಿ ಕೊಟ್ಟೆ."

"ಯಾವುದರಿಂದ ಸರ್?"

"ಮೇಲಿನ ಬಾಕ್ಸ್‌ನಿಂದ. ಕೈಗೆ ಸಿಕ್ಕಿದ್ದು ಅದೇ."

ನಾನು ಆ ಟೇಪನ್ನು ನೆಲದಿಂದ ಹೆಕ್ಕಿ ಕೌಂಟರಿನ ಮೇಲಿಟ್ಟೆ. ಶೇಖರ್ ಸರ್ ಟೇಪನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಆ ಪೆಟ್ಟಿಗೆ ಯಾವುದೆಂದು ಅವರಿಗೂ ಹೊಳೆಯಿತು. ಅಷ್ಟರಲ್ಲಿ ಹಸನಬ್ಬರೂ ಬಂದರು. ಟೇಪು ನೋಡಿದ ಅವರಿಗೆ ಬೇರೇನೂ ಹೇಳಬೇಕಾಗಲಿಲ್ಲ, ಕೊಂಡವರು ಯಾರೆಂದಷ್ಟೇ ಹೇಳಿದೆ.

ಆ ಮೇಷ್ಟ್ರನ್ನು ನಾವೆಲ್ಲ ಉಸ್ತಾದ್ ಎಂದೇ ಕರೆಯುತ್ತಿದ್ದೆವು. ಒಂದು ಶಾಲೆಯಲ್ಲಿ ಅರಬಿ ಕಲಿಸುತ್ತಿದ್ದವರು, ವರ್ಷಗಳಿಂದ ಹಸನಬ್ಬರ ಗಿರಾಕಿ. ಮಗಳ ನಿಶ್ಚಿತಾರ್ಥದ ಮಾತಿಗೆ ಹುಡುಗನ ಮನೆಯವರು ಬರುತ್ತಾರೆಂದು ಹಿಂದಿನ ವಾರವೇ ಹೇಳಿದ್ದರು. ಅದು ಆವತ್ತೇ.

ಹಸನಬ್ಬ ಫೋನ್ ಮಾಡಿದರು. ಉಸ್ತಾದ್ ಎತ್ತಲಿಲ್ಲ. ಮತ್ತೆ ಮಾಡಿದರು.

"ಒಂದ್ನಿಮಿಷ ಇಬ್ರೂ ಶಾಂತವಾಗಿ ಕೇಳಿ," ಎಂದರು ಶೇಖರ್ ಸರ್, ಧ್ವನಿ ತಗ್ಗಿಸಿ. "ಮಸಾಲೆ ಹಾಕಿ ಬೇಯಿಸಿದ್ಮೇಲೆ ಯಾರಿಗೂ ಗೊತ್ತಾಗಲ್ಲ. ನೀವಾಗೇ ಹೋಗಿ ಹೇಳಿದ್ರೆ ಕಂಪ್ಲೇಂಟ್ ಆಗುತ್ತೆ, ಅಂಗಡಿ ಸೀಲ್ ಮಾಡ್ತಾರೆ, ನಮ್ಮ ಮೂರೂ ಜನರ ವೀಸಾ ಕ್ಯಾನ್ಸಲ್. ನಿಮಗೂ ಮಕ್ಕಳಿದ್ದಾರೆ. ಪ್ಲೀಸ್."

ಅವರು ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. ಊರಲ್ಲಿ ನನ್ನ ಮಗಳು ನರ್ಸಿಂಗ್ ಓದುತ್ತಿದ್ದಳು.

ಹಸನಬ್ಬ ಏಪ್ರನ್ ಬಿಚ್ಚಿ ಮಡಚಿ ಇಟ್ಟರು. "ಸರ್, ಗುಂಡು ತಾಗಿ ಸತ್ತ ಪ್ರಾಣಿ ಅದು. ದೇವರ ಹೆಸರು ತೆಗೆದು ಬಿಸ್ಮಿ ಹೇಳಿದವರು ಯಾರು, ಹೇಳಿದ್ದಾರಾ ಇಲ್ವಾ, ನಮಗೆ ಗೊತ್ತಿಲ್ಲ. ಉಸ್ತಾದ್ ಅಂಗಡಿಯ ಬೋರ್ಡು ನೋಡಿ ಬರುದಲ್ಲ, ನನ್ನ ಮುಖ ನೋಡಿ ಬರುದು. ನಾಳೆಯಿಂದ ಈ ಮುಖ ಎಲ್ಲಿ ಇಡ್ಲಿ?" ಎಂದು ಹೇಳಿ ನನ್ನ ಕಡೆ ತಿರುಗಿದರು. "ಪೊರ್ಬುಗಳೇ, ಗಾಡಿಯ ಕೀ ಕೊಡಿ. ನೀವು ಬರ್ಬೇಕಂತ ಇಲ್ಲ."

"ನಿಮಗೆ ಲೈಸೆನ್ಸ್ ಇಲ್ಲ ಅಲ್ವಾ ಮಾರಾಯ್ರೆ," ಎಂದೆ.

ಹೀಗೆ ನಾನೂ ಹೊರಟೆ. ಧೈರ್ಯದಿಂದ ಹೋದೆನೆಂದು ಯಾರೂ ತಿಳಿಯಬಾರದು. ಪ್ರತಿ ಸಿಗ್ನಲ್ಲಿನಲ್ಲೂ ಕೆಂಪು ದೀಪ ಹೋಗದೇ ಇರಲಿ ಎಂದು ಒಂದು ಮನಸ್ಸು, ಒಲೆಯ ಮೇಲೆ ಪಾತ್ರೆ ಏರಿರಬಹುದು ಬೇಗ ಹೋಗು ಎಂದು ಇನ್ನೊಂದು. ಪಕ್ಕದಲ್ಲಿ ಹಸನಬ್ಬ ತಮಗೆ ಬರುವ ಅಷ್ಟಿಷ್ಟು ಅರಬಿಯಲ್ಲಿ ಹೇಳಬೇಕಾದ್ದನ್ನು ತುಟಿಯಲ್ಲೇ ಜೋಡಿಸಿಕೊಳ್ಳುತ್ತಿದ್ದರು. ನಡುನಡುವೆ ಫೋನ್ ಒತ್ತುತ್ತಿದ್ದರು.

ಉಸ್ತಾದ್ ಮನೆ ಗುದೈಬಿಯಾದ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ. ಹಿಂದೆ ಸಾಮಾನು ಕೊಡಲು ನಾನು ಹೋಗಿದ್ದೆ. ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುತ್ತಿದ್ದಂತೆ ಬೆಳ್ಳುಳ್ಳಿ, ಕೊತ್ತಂಬರಿ ಬೀಜ ತುಪ್ಪದಲ್ಲಿ ಹುರಿದ ಪರಿಮಳ ಕೆಳಗಿಳಿದು ಬಂತು. ಹಸನಬ್ಬ ಎರಡೆರಡು ಮೆಟ್ಟಿಲು ಹತ್ತತೊಡಗಿದರು.

ಬಾಗಿಲು ತೆರೆದವರು ಉಸ್ತಾದರೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದ ತುಂಬ ನಗು. ಒಳಗೆ ಗಂಡಸರ ಮಾತು, ಲೋಟಗಳ ಸದ್ದು. ಹಸನಬ್ಬರನ್ನು ಕಂಡು ಕೈ ಚಾಚಿದರು. ಅತಿಥಿಗಳ ಎದುರಿಗೇ ಒಳಗೆ ಬಾ ಎಂದರು.

"ಉಸ್ತಾದ್," ಎಂದರು ಹಸನಬ್ಬ. ಜೋಡಿಸಿಕೊಂಡಿದ್ದ ಅರಬಿ ಎಲ್ಲ ಮರೆತುಹೋಗಿತ್ತು. "ಮೊಲ... ಮಾಫಿ ಹಲಾಲ್. ನನ್ನ ಕೌಂಟರಿನದ್ದಲ್ಲ. ಹಿಂದಿನ ಕೋಣೆಯದ್ದು."

ಉಸ್ತಾದರಿಗೆ ಮೊದಲು ಅರ್ಥವಾಗಲಿಲ್ಲ. ಮಾಫಿ ಹಲಾಲ್, ಹಲಾಲ್ ಅಲ್ಲ ಎಂಬ ಆ ಎರಡು ಪದ ಮತ್ತೆ ಹೇಳಿದಾಗ ನಗು ಅಲ್ಲೇ ನಿಂತುಬಿಟ್ಟಿತು. ತಿರುಗಿ ಅಡುಗೆಮನೆಗೆ ಓಡಿದರು. ಬಾಗಿಲು ತೆರೆದೇ ಇದ್ದುದರಿಂದ ನಮಗೆ ಕಾಣುತ್ತಿತ್ತು. ಅವರ ಹೆಂಡತಿ ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು. ಉಸ್ತಾದ್ ಏನೋ ಕೇಳಿದರು. ಆಕೆ ಸೌಟು ಕೆಳಗಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಉಪ್ಪು ನೋಡಲು ಸಾರನ್ನು ನಾಲಿಗೆಗೆ ಹಾಕಿಕೊಂಡಿದ್ದರು.

ನಲ್ಲಿಯ ನೀರು ಬಹಳ ಹೊತ್ತು ಹರಿಯಿತು. ಆಕೆ ಬಾಯಿ ಮುಕ್ಕಳಿಸುತ್ತಲೇ ಇದ್ದರು. ಉಸ್ತಾದ್ ಆಕೆಯ ಬೆನ್ನ ಮೇಲೆ ಕೈಯಿಟ್ಟು, ತಿಳಿಯದೆ ಆದದ್ದಕ್ಕೆ ಪಾಪವಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಅಷ್ಟು ಅರಬಿ ನನಗೂ ಅರ್ಥವಾಗುತ್ತಿತ್ತು. ಹಸನಬ್ಬ ತಲೆ ಎತ್ತಲಿಲ್ಲ.

ಕೊನೆಗೆ ಉಸ್ತಾದ್ ದೊಡ್ಡ ಪಾತ್ರೆಯನ್ನು ಟವಲಿನಲ್ಲಿ ಹಿಡಿದು ತಂದು ನನ್ನ ಕೈಗೆ ಕೊಟ್ಟರು. ಬಿಸಿ ಟವಲಿನ ಮೂಲಕವೂ ಸುಡುತ್ತಿತ್ತು. ಆಮೇಲೆ ಬಾಗಿಲು ಹಾಕಿದರು. ಧಡಾರನೆ ಅಲ್ಲ, ಮೆಲ್ಲಗೆ. ಅದು ನನ್ನನ್ನು ಇನ್ನಷ್ಟು ಹೆದರಿಸಿತು.

ಆ ಪಾತ್ರೆಯನ್ನು ನನ್ನ ರೂಮಿಗೆ ಒಯ್ದೆ. ರೂಮಿನವರು ಇಷ್ಟು ರುಚಿಯ ಮೊಲ ತಿಂದೇ ಇಲ್ಲವೆಂದರು. ಅವರು ತಿಂದು ಮುಗಿಸುವವರೆಗೆ ನಾನು ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದೆ.

ಶುಕ್ರವಾರ ಕಳೆಯಿತು. ಶನಿವಾರ ನಮ್ಮ ಅರ್ಬಾಬ್, ಅಂದರೆ ಅಂಗಡಿಯ ಧಣಿ, ಎಂದಿನಂತೆ ಬಂದರು. ವಯಸ್ಸಾದ ಬಹರೈನಿ. ಮೊಲವನ್ನು ಮುಟ್ಟದ ಪಂಗಡದವರು. ಯಾರಾದರೂ ದೂರು ಕೊಟ್ಟು ಅವರಿಗೆ ತಿಳಿಯುವ ಮೊದಲು ನಾನೇ ಹೇಳುತ್ತೇನೆ ಎಂದು ಹಸನಬ್ಬ ಅವರ ಮುಂದೆ ನಿಂತರು. ಶೇಖರ್ ಸರ್ ಕ್ಯಾಬಿನ್ನಿನಿಂದ ಹೊರಬಂದು ಪಕ್ಕದಲ್ಲಿ ನಿಂತು, "ಪೆಟ್ಟಿಗೆ ಒಡೆದದ್ದು ನಾನು," ಎಂದು ಸ್ಪಷ್ಟವಾಗಿ ಹೇಳಿದರು. ಅದನ್ನು ನಾನು ನಿರೀಕ್ಷಿಸಿರಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅರ್ಬಾಬ್ ಕೈಯಲ್ಲಿದ್ದ ಜಪಮಣಿ ಓಡುವುದು ನಿಂತಿತು. "ತಿಂದರೇ?" ಎಂದು ಕೇಳಿದರು.

"ಅವರ ಮನೆಯಾಕೆ ಸಾರು ರುಚಿ ನೋಡಿದ್ದರು," ಎಂದರು ಹಸನಬ್ಬ.

ಅರ್ಬಾಬ್ ಅಂದು ಸಂಜೆ ಒಬ್ಬರೇ ಉಸ್ತಾದ್ ಮನೆಗೆ ಹೋಗಿ ಬಂದರು. ಅಲ್ಲಿ ಏನು ಮಾತಾಯಿತೋ ನಮಗೆ ಯಾರೂ ಹೇಳಲಿಲ್ಲ. ಮರುದಿನ ಕಾಡುಮೊಲದ ಪೆಟ್ಟಿಗೆಗಳೆಲ್ಲ ಸರಬರಾಜಿನವರಿಗೆ ವಾಪಸ್ ಹೋದವು, ಮತ್ತೆ ಆ ಮಾಲು ನಮ್ಮಲ್ಲಿಗೆ ಬರಲಿಲ್ಲ. ಇಂಗ್ಲಿಷ್ ಅಜ್ಜಿ ಬೇಸರ ಮಾಡಿಕೊಂಡಳು. ಶೇಖರ್ ಸರ್ ಅವರನ್ನು ಅರ್ಬಾಬ್ ಸೀಫ್‌ನಲ್ಲಿದ್ದ ತಮ್ಮ ಆಫೀಸಿಗೆ ಕಳಿಸಿದರು. ಅಲ್ಲಿ ಅವರಿಗೆ ಮಾಂಸದ ಸಹವಾಸವಿರಲಿಲ್ಲ, ಅವರಿಗೂ ಮಾಂಸಕ್ಕೂ ಒಳ್ಳೆಯದೇ ಆಯಿತು.

ಆದರೆ ನಾನು ಕಾಯುವುದು ನಿಲ್ಲಲಿಲ್ಲ. ಬಾಗಿಲಿನ ಗಂಟೆ ಸದ್ದಾದರೆ ಇನ್ಸ್‌ಪೆಕ್ಟರ್ ಬಂದರೆಂದು ನೋಡುತ್ತಿದ್ದೆ. ಬಂದವರು ಮೊಸರು ಕೊಂಡು ಹೋಗುತ್ತಿದ್ದರು. ಉಸ್ತಾದ್ ಮಾತ್ರ ಬರಲಿಲ್ಲ. ಅವರು ಬರುತ್ತಿದ್ದ ಹೊತ್ತಿಗೆ ಹಸನಬ್ಬ ಕೌಂಟರನ್ನು ಸುಮ್ಮನೆ ಒರೆಸುತ್ತಾ ನಿಲ್ಲುತ್ತಿದ್ದರು.

ಪಾತ್ರೆ ನನ್ನ ಮಂಚದ ಕೆಳಗಿತ್ತು. ಚೆನ್ನಾಗಿ ತಿಕ್ಕಿ ಬೆಳಗಿದ್ದೆ. ಒಯ್ದು ಕೊಡಲು ಧೈರ್ಯವಿರಲಿಲ್ಲ. ಅವರಿಗೆ ಅದು ಇನ್ನು ಬೇಕೋ ಬೇಡವೋ ಎಂಬುದೂ ತಿಳಿಯದು. ಒಂದು ದಿನ ಹಸನಬ್ಬ, "ಇನ್ನೊಬ್ಬರ ಮನೆಯ ಪಾತ್ರೆ ಎಷ್ಟು ದಿನ ಇಟ್ಕೊಳ್ಳುದು ಪೊರ್ಬುಗಳೇ? ಬೇಡ ಅಂದ್ರೆ ಅವರೇ ಬಿಸಾಡ್ಲಿ," ಎಂದರು. ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಇಬ್ಬರೂ ಹೋದೆವು. ಬಾಗಿಲಲ್ಲಿ ಕೊಟ್ಟು ಸಲಾಂ ಹೇಳಿ ಇಳಿದುಬಿಡುವುದೆಂದು ಮಾತಾಡಿಕೊಂಡಿದ್ದೆವು.

ಬಾಗಿಲು ತೆರೆದ ಉಸ್ತಾದ್ ಪಾತ್ರೆಯನ್ನು ನೋಡಿದರು, ನಮ್ಮನ್ನು ನೋಡಿದರು. "ಒಳಗೆ ಬನ್ನಿ," ಎಂದರು. ನಗಲಿಲ್ಲ.

ಕುಳಿತೆವು. ಅವರ ಹೆಂಡತಿ ಬಂದು ಪಾತ್ರೆ ತೆಗೆದುಕೊಂಡು ಹೋದರು. ಅಡುಗೆಮನೆಯಲ್ಲಿ ಅದನ್ನು ತೊಳೆಯುವ ಸದ್ದು ಕೇಳಿತು. ನಾನು ಆಗಲೇ ತೊಳೆದದ್ದು. ಆಕೆ ಮತ್ತೆ ತೊಳೆದರು, ಮತ್ತೆ ತೊಳೆದರು. ನಾನು ನನ್ನ ಕೈಗಳನ್ನು ನೋಡಿಕೊಂಡು ಕುಳಿತೆ. ಆವತ್ತು ಅತಿಥಿಗಳಿಗೆ ಮೊಟ್ಟೆ, ಚೀಸು, ರೊಟ್ಟಿ ಬಡಿಸಿದ್ದಾಗಿ ಉಸ್ತಾದ್ ಹೇಳಿದರು. ಕಾರಣವನ್ನೂ ಅವರಿಗೆ ಮುಚ್ಚಿಡಲಿಲ್ಲವಂತೆ. ನಿಶ್ಚಯ ಮುರಿಯಿತೇ ಎಂದು ಕೇಳಲು ನಮಗೆ ಬಾಯಿ ಬರಲಿಲ್ಲ. ಅವರಾಗಿಯೇ, "ಮದುವೆ ಚಳಿಗಾಲದಲ್ಲಿ," ಎಂದರು.

ಆಮೇಲೆ ಆಕೆ ಊಟ ತಂದರು. ತಟ್ಟೆಗಳಲ್ಲಿ ಅನ್ನ. ನಡುವೆ ಅದೇ ಪಾತ್ರೆ, ಅದರಲ್ಲಿ ಹಸಿರು ಸಾರು, ಕೋಳಿ.

"ಈ ಕೋಳಿ ಬೇರೆ ಅಂಗಡಿಯದ್ದು, ಹಸನ್," ಎಂದರು ಉಸ್ತಾದ್. ಅನ್ನದ ತಟ್ಟೆಯನ್ನು ಅವರ ಮುಂದೆ ಸರಿಸಿ, "ಗುರುವಾರ ನಿನ್ನ ಹತ್ತಿರ ಬರುತ್ತೇನೆ," ಎಂದರು.

ಹಿಂದಿನ ಕೋಣೆಯವನಾದ ನಾನು ಆ ಪಾತ್ರೆಗೆ ಕೈ ಹಾಕಬಹುದೋ ಬಾರದೋ ತಿಳಿಯದೆ ಹಸನಬ್ಬರ ಕಡೆ ನೋಡಿದೆ. ಅವರು ಆಗಲೇ ತಲೆ ತಗ್ಗಿಸಿ ಅನ್ನ ಕಲಸಿಕೊಂಡು ತಿನ್ನುತ್ತಿದ್ದರು, ಬೇಗ ಬೇಗ, ಎಷ್ಟೋ ದಿನಗಳಿಂದ ಸರಿಯಾಗಿ ಉಣ್ಣದವರ ಹಾಗೆ.